ನಿಮ್ಮ ಬಡಾವಣೆಯಲ್ಲಿ ಹಸಿ ಕಸದ ಸಂಗ್ರಹ ಶುರು ಮಾಡುವುದು ಹೇಗೆ: ಬಕೆಟ್ ಹಂಚುವ ಮೊದಲಿನ ಕೆಲಸದಿಂದ ಮೂರನೇ ತಿಂಗಳವರೆಗೆ

ಹಸಿ ಕಸವನ್ನು ಬೇರೆಯಾಗಿ ಒಯ್ಯುವ ವ್ಯವಸ್ಥೆ ಎಷ್ಟೋ ಬಡಾವಣೆಗಳಲ್ಲಿ ಶುರುವಾಗುತ್ತದೆ, ಎರಡು ತಿಂಗಳೊಳಗೆ ನಿಂತೂ ಹೋಗುತ್ತದೆ. ನಿಂತ ಕಡೆಯೆಲ್ಲ ಕತೆ ಹೆಚ್ಚುಕಮ್ಮಿ ಒಂದೇ. ಮೊದಲ ದಿನವೇ ಹಸಿರು ಬಕೆಟ್ ಹಂಚುತ್ತಾರೆ. ಜನ ಬೇರೆ ಮಾಡಿ ಕೊಡುತ್ತಾರೆ. ಆಮೇಲೆ ಒಂದು ದಿನ ಯಾರೋ ಬಾಲ್ಕನಿಯಿಂದ ನೋಡುತ್ತಾರೆ: ತಾವು ಬೇರೆ ಮಾಡಿ ಕೊಟ್ಟ ಕಸ, ಪಕ್ಕದ ಮನೆಯ ಪ್ಲಾಸ್ಟಿಕ್ ಜೊತೆ ಒಂದೇ ಗಾಡಿಗೆ ಬೀಳುತ್ತಿದೆ. ಅಲ್ಲಿಗೆ ಮುಗಿಯಿತು. ಆ ಬಕೆಟ್ ಬಟ್ಟೆ ನೆನೆಹಾಕಲು ಹೋಗುತ್ತದೆ.

ನಮ್ಮ ಬೀದಿಗಳಲ್ಲೂ ಮೊದಲ ಸಲ ಹೀಗೇ ಆಯಿತು. ಎರಡನೇ ಸಲ ಕೆಲಸವನ್ನು ಹಿಂದಿನಿಂದ ಮುಂದಕ್ಕೆ ಮಾಡಿದೆವು. ಕಸ ಕೊನೆಗೆ ಸೇರುವ ಜಾಗ ಮೊದಲು, ಆಮೇಲೆ ಗಾಡಿ, ಆಮೇಲೆ ಗಾಡಿಯವರು, ಎಲ್ಲಕ್ಕಿಂತ ಕೊನೆಗೆ ಮನೆಗಳು. ಇಲ್ಲಿರುವ ಕ್ರಮವೂ ಅದೇ. ಲೆಕ್ಕವೆಲ್ಲ ಸುಮಾರು 100 ಮನೆಗಳದ್ದು. ನಿಮ್ಮಲ್ಲಿ ಮನೆ ಎಷ್ಟಿವೆಯೋ ಅದಕ್ಕೆ ತಕ್ಕಂತೆ ಹಿಗ್ಗಿಸಿ, ಕುಗ್ಗಿಸಿ. ಹಂತಗಳನ್ನು ಮಾತ್ರ ಹಿಂದುಮುಂದು ಮಾಡಬೇಡಿ.

## ಹಂತ 1: ಒಂದು ವಾರ ತೂಗಿ ನೋಡಿ

ಒಂದು ಮನೆಯಿಂದ ದಿನಕ್ಕೆ ಸುಮಾರು ಅರ್ಧ ಕಿಲೋ ಹಸಿ ಕಸ ಬರುತ್ತದೆ ಎಂದು ಅಂದಾಜು ಹಾಕುತ್ತಾರೆ. ಅದನ್ನೇ ನಂಬಿ ಕೂರಬೇಡಿ. ಹತ್ತು ಮನೆ ಆರಿಸಿ. ದೊಡ್ಡ ಕುಟುಂಬ, ಇಬ್ಬರೇ ಇರುವ ಮನೆ, ಬಾಡಿಗೆಗಿರುವ ಹುಡುಗರ ರೂಮು, ಮಾಂಸ ಮೀನು ಮಾಡುವ ಮನೆ, ಎಲ್ಲವೂ ಇರಲಿ. ಒಂದು ಸ್ಪ್ರಿಂಗ್ ತಕ್ಕಡಿ ತಂದು, ಏಳು ದಿನ ದಿನಾ ಬೆಳಿಗ್ಗೆ ತೂಗಿ ಬರೆದಿಡಿ. ಭಾನುವಾರ ಬಿಡಬೇಡಿ. ಹೆಚ್ಚಿನ ಕಡೆ ಸೋಮವಾರದ ಬಕೆಟ್ಟೇ ಭಾರ.

ಈ ಲೆಕ್ಕದ ಮೇಲೆ ಮುಂದಿನದ್ದೆಲ್ಲ ನಿಂತಿದೆ. ಉದಾಹರಣೆಗೆ, 100 ಮನೆಗೆ ದಿನಕ್ಕೆ 50 ಕಿಲೋ ಬಂದರೆ ಅದು ಹೆಚ್ಚುಕಮ್ಮಿ 100ರಿಂದ 125 ಲೀಟರ್ ಜಾಗ ಹಿಡಿಯುತ್ತದೆ. ಅಂದರೆ ಗಾಡಿಯಲ್ಲಿ ದೊಡ್ಡ ಡ್ರಮ್ ಎರಡು ಬೇಕು.

ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. 2016ರ ಘನತ್ಯಾಜ್ಯ ನಿಯಮ ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಕೊಡುವವರನ್ನು ದೊಡ್ಡ ಉತ್ಪಾದಕರು ಎಂದು ಬೇರೆ ಗುಂಪಿಗೆ ಸೇರಿಸಿತು. ನೀವು ಆ ಗುಂಪಿಗೆ ಬಂದರೆ ಬೀದಿಯ ಗಾಡಿಯನ್ನು ನೆಚ್ಚಿಕೊಳ್ಳದೆ, ಹಸಿ ಕಸಕ್ಕೆ ಆವರಣದೊಳಗೇ ದಾರಿ ಮಾಡಿಕೊಳ್ಳಿ.

## ಹಂತ 2: ಕಸ ಎಲ್ಲಿಗೆ ಹೋಗಬೇಕು, ಅದನ್ನು ಮೊದಲು ಗಟ್ಟಿ ಮಾಡಿ

ಇಲ್ಲಿ ಎಷ್ಟು ದಿನ ಹೋದರೂ ಪರವಾಗಿಲ್ಲ. ನಮಗೆ ಎರಡು ತಿಂಗಳು ಹಿಡಿಯಿತು. ದಾರಿ ಮೂರಿವೆ.

ನಗರಸಭೆ ಅಥವಾ ಪಂಚಾಯಿತಿಯ ಘಟಕ. ಊರಿನಲ್ಲಿ ಹಸಿ ಕಸ ಗೊಬ್ಬರ ಮಾಡುವ ಘಟಕ ನಡೆಯುತ್ತಿದ್ದರೆ ಇದು ಸುಲಭ. ಆದರೆ "ಘಟಕ ಇದೆ" ಅನ್ನುವ ಮಾತು ಕೇಳಿ ವಾಪಸ್ ಬರಬೇಡಿ. ಬೆಳಿಗ್ಗೆ ಕಸದ ಗಾಡಿಯ ಹಿಂದೆಯೇ ಹೋಗಿ, ಅದು ಎಲ್ಲಿ ಸುರಿಯುತ್ತದೆ ಎಂದು ಕಣ್ಣಾರೆ ನೋಡಿ. ಎರಡು ಬೇರೆ ದಿನ ಹೋಗಿ. ಹಳ್ಳಿಗಳಲ್ಲಾದರೆ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ. ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಪಂಚಾಯಿತಿಯ ಕಸದ ಗಾಡಿಯಾದ ಸ್ವಚ್ಛ ವಾಹಿನಿ ಓಡಿಸುತ್ತಾರೆ, ಘಟಕವನ್ನೂ ನಡೆಸುತ್ತಾರೆ. ಕುಂದಾಪುರದ ಕಡೆಯ ವಂಡ್ಸೆ ಪಂಚಾಯಿತಿ, ಮೈಸೂರು ನಗರದ ಕುಂಬಾರಕೊಪ್ಪಲು ಕಸದ ಘಟಕಗಳಿಗೆ ಹೆಸರಾದವು. ಹತ್ತಿರದಲ್ಲಿ ಇಂಥ ಘಟಕ ಇದ್ದರೆ ನಾಲ್ಕು ಜನ ಸೇರಿ ಒಮ್ಮೆ ಹೋಗಿ ಬನ್ನಿ. ಅಲ್ಲಿನವರ ಜೊತೆ ಒಂದು ಗಂಟೆ ನಿಂತು ಕಲಿಯುವುದು ಹತ್ತು ಮೀಟಿಂಗಿನಲ್ಲೂ ಸಿಗುವುದಿಲ್ಲ.

ಹತ್ತಿರದ ರೈತರ ಜಮೀನು. ತಿಪ್ಪೆಗೆ ಹಾಕಿಕೊಳ್ಳುವವರು ಸಿಗುತ್ತಾರೆ. ಆದರೆ ಒಂದೇ ಒಂದು ಸಲ ಗಾಜಿನ ಚೂರೋ ಬ್ಲೇಡೋ ಹೋದರೆ ಮರುದಿನದಿಂದ ಬೇಡ ಅನ್ನುತ್ತಾರೆ, ಅನ್ನಲೇಬೇಕು. ದನಕ್ಕೆ ಹಾಕುವುದಾದರೆ ಹಸಿ ತರಕಾರಿ ಸಿಪ್ಪೆ, ಬಾಳೆ ಎಲೆ ಮಾತ್ರ. ಉಳಿದ ಅನ್ನವನ್ನು ರಾಶಿಗಟ್ಟಲೆ ಹಾಕಿದರೆ ದನದ ಹೊಟ್ಟೆ ಕೆಟ್ಟು ಪ್ರಾಣಕ್ಕೇ ಕುತ್ತು ಬರಬಹುದು. ಇದನ್ನು ಎಲ್ಲರಿಗೂ ಬಿಡಿಸಿ ಹೇಳಿ.

ನಿಮ್ಮದೇ ಗೊಬ್ಬರದ ತೊಟ್ಟಿ. ಪಾರ್ಕಿನ ಮೂಲೆ, ಸಮುದಾಯ ಭವನದ ಹಿಂಭಾಗ, ನೀರು ನಿಲ್ಲದ ಜಾಗ ಬೇಕು. ಜಾಗ ಸರ್ಕಾರದ್ದಾದರೆ ಬಾಯಿಮಾತಿನ ಒಪ್ಪಿಗೆ ಸಾಲದು, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅಧಿಕಾರಿ ವರ್ಗವಾಗಿ ಹೋದ ಮೇಲೆ ಬಾಯಿಮಾತು ಅವರ ಜೊತೆಗೇ ಹೋಗುತ್ತದೆ. ತೊಟ್ಟಿಗೆ ಹತ್ತಿರದ ಮನೆಯವರ ಒಪ್ಪಿಗೆ ಅದಕ್ಕಿಂತ ಮುಖ್ಯ. ಮೊದಲ ದೂರು ಬರುವುದು ಅಲ್ಲಿಂದಲೇ.

ದಿನಕ್ಕೆ 50 ಕಿಲೋ ಕಸಕ್ಕೆ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ತೊಟ್ಟಿ ಆರು ಬೇಕು. ಒಂದು ತೊಟ್ಟಿ ತುಂಬಲು ಸುಮಾರು ಎರಡು ವಾರ. ಗೊಬ್ಬರವಾಗಲು 45ರಿಂದ 60 ದಿನ. ಒಂದು ತುಂಬುತ್ತಿರುತ್ತದೆ, ನಾಲ್ಕು ಮಾಗುತ್ತಿರುತ್ತವೆ, ಒಂದು ಕಸ ಮಗುಚಲು ಖಾಲಿ ಇರುತ್ತದೆ. ಗೋಡೆಯನ್ನು ಸಂದು ಬಿಟ್ಟು ಇಟ್ಟಿಗೆಯಲ್ಲಿ ಕಟ್ಟಿ, ಗಾಳಿ ಆಡಬೇಕು. ಸಂದುಗಳಿಗೆ ಒಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹೊಡೆಯಿರಿ, ಇಲಿ ಬರಬಾರದು. ಮೇಲೊಂದು ಶೀಟು ಕಡ್ಡಾಯ.

## ಹಂತ 3: ತರಗೆಲೆ ಕೂಡಿಡಿ

ಇದಕ್ಕೆ ಬೇರೆ ಹಂತವನ್ನೇ ಕೊಟ್ಟಿದ್ದೇನೆ, ಯಾಕೆಂದರೆ ಹೆಚ್ಚಿನವರು ಇದನ್ನು ಮರೆತೇ ಸೋಲುವುದು. ಹಸಿ ಕಸದಲ್ಲಿ ನೀರು ಮತ್ತು ಸಾರಜನಕ ಜಾಸ್ತಿ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಎರಡೂ ಸೇರಿ, ಇಂಗಾಲ 25ರಿಂದ 30 ಪಾಲಿದ್ದರೆ ಸಾರಜನಕ ಒಂದು ಪಾಲು ಇರುವಂತಾದರೆ ಕಸ ಕೊಳೆತು ನಾರುವ ಬದಲು ಬಿಸಿಯಾಗಿ ಗೊಬ್ಬರವಾಗುತ್ತದೆ. ತೂಗಿ ನೋಡುವ ಅಗತ್ಯವಿಲ್ಲ. ಒಂದು ಬಕೆಟ್ ಹಸಿ ಕಸಕ್ಕೆ ಒಂದು ಬಕೆಟ್ ಒಣ ಎಲೆ, ಇಷ್ಟು ನೆನಪಿಟ್ಟರೆ ಸಾಕು.

ನಮ್ಮಲ್ಲಿ ಎಲೆ ಉದುರುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಆಗ ಹೊಂಗೆ, ಅರಳಿ ಮರದ ಕೆಳಗೆ ರಾಶಿ ಬೀಳುತ್ತದೆ, ಜನ ಬೆಂಕಿ ಹಚ್ಚುತ್ತಾರೆ. ಸುಡುವ ಮೊದಲು ಗೋಣಿಚೀಲಕ್ಕೆ ತುಳಿದು ತುಂಬಿಸಿ, ಮಳೆ ಬೀಳದ ಕಡೆ ಜೋಡಿಸಿ. ಮಳೆಗಾಲ ಪೂರ್ತಿ ಅದೇ ನಿಮ್ಮನ್ನು ಕಾಯುವುದು. ಎಲೆ ಸಾಲದಿದ್ದರೆ ಮರದ ಮಿಲ್ಲಿನ ಹೊಟ್ಟು, ತೆಂಗಿನ ನಾರಿನ ಪುಡಿ ಆಗುತ್ತದೆ. ಬಣ್ಣ ಬಳಿದ ಮರದ, ಪ್ಲೈವುಡ್ಡಿನ ಹೊಟ್ಟು ಬೇಡ.

ಕನಿಷ್ಠ ಒಂದು ತಿಂಗಳಿಗಾಗುವಷ್ಟು ಒಣ ಎಲೆ ಕೈಯಲ್ಲಿ ಇಲ್ಲದೆ ಸಂಗ್ರಹದ ದಿನಾಂಕ ಗೊತ್ತು ಮಾಡಬೇಡಿ.

## ಹಂತ 4: ಪೌರಕಾರ್ಮಿಕರ ಜೊತೆ ಮಾತಾಡಿ

ಬಡಾವಣೆಯ ಸಂಘದ ಮೀಟಿಂಗ್ ಕರೆಯುವ ಮೊದಲು ಈಗ ದಿನಾ ಕಸ ಒಯ್ಯುವವರನ್ನು ಕೂರಿಸಿ ಮಾತಾಡಿ. ಯಾವ ಮನೆ ಗಾಜು ಸುತ್ತದೆ ಕೊಡುತ್ತದೆ, ಯಾರ ಮನೆ ಏಳಕ್ಕೆ ಬೀಗ ಬೀಳುತ್ತದೆ, ಯಾವ ತಿರುವಿನಲ್ಲಿ ರಾತ್ರಿ ಕಸ ಎಸೆಯುತ್ತಾರೆ, ಎಲ್ಲ ಅವರಿಗೆ ಗೊತ್ತು. ನಮ್ಮ ಬೀದಿಗೆ ಬರುವ ಅಕ್ಕ ಒಬ್ಬರು ಅವತ್ತು ಎಡಗೈ ಚಾಚಿ ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ ಉದ್ದನೆಯ ಬಿಳಿ ಗೆರೆ. ಗಂಟು ಹಾಕಿದ ಕವರಿನೊಳಗೆ ಒಡೆದ ಲೋಟ ಇತ್ತಂತೆ. "ಬಕೆಟ್ಟಲ್ಲಿ ಕೊಡಿ ಸಾರ್, ಒಳಗೇನಿದೆ ಅಂತ ಕಾಣ್ತದೆ. ಕವರಲ್ಲಿ ಕಾಣಲ್ಲ" ಅಂದರು. ನಮ್ಮ ಮೊದಲ ನಿಯಮ ಬಂದದ್ದು ಅಲ್ಲಿಂದ: ಹಸಿ ಕಸ ಯಾವತ್ತೂ ಕವರಿನಲ್ಲಿ ಅಲ್ಲ, ಬಕೆಟ್ಟಿನಲ್ಲೇ.

ಅವರ ಜೊತೆ ನಾಲ್ಕು ವಿಷಯ ತೀರ್ಮಾನ ಮಾಡಿಕೊಳ್ಳಿ.

ಮೊದಲನೆಯದು, ಹೊತ್ತು. ದಿನಾ ಒಂದೇ ಹೊತ್ತಿಗೆ ಬರಬೇಕು. ನಮ್ಮ ಹವಾಮಾನಕ್ಕೆ ಹಸಿ ಕಸ ದಿನಾ ಹೋಗಲೇಬೇಕು. ಒಣ ಕಸಕ್ಕೆ ವಾರಕ್ಕೆ ಎರಡು ದಿನ ಸಾಕು.

ಎರಡನೆಯದು, ವಾಪಸ್ ಕಳಿಸುವ ಅಧಿಕಾರ. ಬೆರಕೆ ಕಸ ಬಂದರೆ "ತಗೊಳಲ್ಲ ಅಮ್ಮ" ಎಂದು ಹೇಳುವ ಹಕ್ಕು ಅವರಿಗೆ ಇರಬೇಕು. ಹಾಗೆ ಹೇಳಿದ್ದಕ್ಕೆ ಯಾರಾದರೂ ಜೋರು ಮಾಡಿದರೆ ಸಂಘದವರು ಅವರ ಪರ ನಿಲ್ಲಬೇಕು. ಇದನ್ನು ಬಾಯಲ್ಲಿ ಹೇಳುವುದಲ್ಲ, ಮೊದಲ ವಾರ ಜೊತೆಯಲ್ಲೇ ನಡೆದು ತೋರಿಸಬೇಕು.

ಮೂರನೆಯದು, ದುಡ್ಡು. ಕೆಲಸ ಹೆಚ್ಚಾದರೆ ಕೂಲಿಯೂ ಹೆಚ್ಚಾಗಬೇಕು. ಕೂಲಿ, ಗ್ಲೌಸು, ಡ್ರಮ್ಮಿನ ರಿಪೇರಿ, ಎಲೆ ಸಾಗಣೆ ಎಲ್ಲ ಕೂಡಿಸಿ ಮನೆಗಳ ಸಂಖ್ಯೆಯಿಂದ ಭಾಗಿಸಿ. 100 ಮನೆಯಿದ್ದರೆ 80ರಿಂದ ಭಾಗಿಸಿ, ಎಲ್ಲರೂ ಕೊಡುವುದಿಲ್ಲ. ಅವರು ನಗರಸಭೆಯ ಕೆಲಸದವರಾದರೆ ಹೆಲ್ತ್ ಇನ್ಸ್‌ಪೆಕ್ಟರ್ ಗಮನಕ್ಕೆ ತಂದೇ ಮುಂದುವರಿಯಿರಿ.

ನಾಲ್ಕನೆಯದು, ರಜೆ. ಅವರು ಬಾರದ ದಿನ ಯಾರು ಬರುತ್ತಾರೆ? ಉತ್ತರ ಇಲ್ಲದಿದ್ದರೆ ಶುರು ಮಾಡಬೇಡಿ.

## ಹಂತ 5: ಸಾಮಾನು ಹೊಂದಿಸಿ

ಗಾಡಿಗೆ: ಮುಚ್ಚಳ ಇರುವ, ತಳ ತೂತಾಗದ ಡ್ರಮ್ ಎರಡು, ತಳ್ಳುಗಾಡಿ ಅಥವಾ ಟಿಪ್ಪರ್, ಉದ್ದ ಹಿಡಿಯ ಚಿಮಟ, ದಪ್ಪ ರಬ್ಬರ್ ಗ್ಲೌಸು, ಒಂದು ಕ್ಯಾನ್ ನೀರು, ಸೋಪು.

ತೊಟ್ಟಿಗೆ: ಗುದ್ದಲಿ, ಹಲ್ಲಿರುವ ಕವೆಗೋಲು, ಬಾಂಡ್ಲಿ, ಜರಡಿ, ಮೂರು ಅಡಿ ಕಬ್ಬಿಣದ ಸರಳು, ತಕ್ಕಡಿ, ದಾರ ಕಟ್ಟಿದ ನೋಟ್‌ಬುಕ್ಕು. ಪೆನ್ನಿಗೂ ದಾರ ಕಟ್ಟಿ.

ಮನೆಗೆ: 10ರಿಂದ 12 ಲೀಟರಿನ, ಮುಚ್ಚಳದ ಬಕೆಟ್. ಹೊಸದೇ ಬೇಕೆಂದಿಲ್ಲ, ಹಳೆಯ ಪೇಂಟ್ ಡಬ್ಬಿ ತೊಳೆದರೂ ನಡೆಯುತ್ತದೆ. ಬೆಂಗಳೂರಿನಲ್ಲಿ ಹಸಿರು ಬಕೆಟ್ ಹಸಿ ಕಸಕ್ಕೆ, ಕೆಂಪು ಬಕೆಟ್ ಡೈಪರ್ ಪ್ಯಾಡಿನಂಥ ಕಸಕ್ಕೆ, ಚೀಲ ಒಣ ಕಸಕ್ಕೆ ಎಂಬ ಪದ್ಧತಿ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶದಿಂದ ಕಡ್ಡಾಯವಾಯಿತು. ಬೇರೆ ಊರಿನವರೂ ಅದೇ ಬಣ್ಣ ಇಟ್ಟುಕೊಳ್ಳಿ. ಊರು ಬದಲಾಯಿಸಿದವರಿಗೆ ಗೊಂದಲ ಆಗುವುದಿಲ್ಲ.

ಕವರ್ ಬೇಡ ಅನ್ನಲು ಗಾಯದ ಜೊತೆ ಇನ್ನೊಂದು ಕಾರಣವಿದೆ. ಒಂದು ಕವರಿನ ಗಂಟು ಬಿಚ್ಚಿ ಸುರಿಯಲು ಅರ್ಧ ನಿಮಿಷ ಬೇಕು. 100 ಮನೆಗೆ 50 ನಿಮಿಷ. ಬಕೆಟ್ ಬಗ್ಗಿಸಲು ಐದು ಸೆಕೆಂಡ್. ಅಷ್ಟು ಹೊತ್ತು ತಡವಾದರೆ ಕೊನೆಯ ಬೀದಿಯವರು ಕಾದು ಕಾದು ಕವರನ್ನು ಗೇಟಿಗೆ ನೇತುಹಾಕಿ ಕೆಲಸಕ್ಕೆ ಹೋಗುತ್ತಾರೆ, ನಾಯಿ ಎಳೆಯುತ್ತದೆ. ಬಕೆಟ್ಟಿನ ತಳಕ್ಕೆ ಒಂದು ಹಾಳೆ ನ್ಯೂಸ್ ಪೇಪರ್ ಹಾಸಿದರೆ ಅಂಟುವುದಿಲ್ಲ, ತೊಳೆಯುವುದೂ ಸುಲಭ.

## ಹಂತ 6: ಮನೆಮನೆಗೆ ಹೋಗಿ, ಸರಿಯಾದವರ ಜೊತೆ ಮಾತಾಡಿ

ಕರಪತ್ರ ಬಾಗಿಲಿಗೆ ಸಿಕ್ಕಿಸಿ ಬಂದರೆ ಆಗಲ್ಲ. ಗ್ರೂಪಿನಲ್ಲಿ ಮೆಸೇಜ್ ಹಾಕಿದರೂ ಆಗಲ್ಲ. ಸಂಜೆ ಆರರಿಂದ ಎಂಟು ಒಳ್ಳೆಯ ಹೊತ್ತು. ಮನೆ ಯಜಮಾನರ ಜೊತೆ ಮಾತಾಡಿ ಬರುವುದು ದೊಡ್ಡ ತಪ್ಪು. ಅಡುಗೆ ಮನೆಯಲ್ಲಿ ಕಸ ಹಾಕುವವರು ಯಾರೋ ಅವರ ಹತ್ತಿರ ಮಾತಾಡಬೇಕು. ಮನೆಕೆಲಸಕ್ಕೆ ಬರುವವರಿಗೂ ಬೇರೆಯಾಗಿ ಹೇಳಬೇಕು. ಒಬ್ಬರು ನಾಲ್ಕು ಮನೆ ಮಾಡುತ್ತಾರೆ. ಅವರಿಗೆ ಅರ್ಥವಾದರೆ ನಾಲ್ಕು ಮನೆ ಸರಿಹೋದ ಹಾಗೆ.

ಮಾತಿಗಿಂತ ಬಕೆಟ್ಟೇ ಒಳ್ಳೆಯದು. ಒಂದು ಬಕೆಟ್ಟಿನಲ್ಲಿ ನಿಜವಾದ ಕಸ ತೆಗೆದುಕೊಂಡು ಹೋಗಿ ತೋರಿಸಿ. ಸಾಮಾನ್ಯವಾಗಿ ಜಗಳ ಬರುವ ವಸ್ತುಗಳು ಇವು:

ಟೀ ಚರಟ, ಮೊಟ್ಟೆ ಚಿಪ್ಪು, ಬಾಳೆ ಎಲೆ, ಕೆಟ್ಟ ಹಿಟ್ಟು, ಮೀನಿನ ಮುಳ್ಳು, ಸಣ್ಣ ಮೂಳೆ: ಹಸಿ ಕಸ. ಅನ್ನ, ಪಲ್ಯ ಹಾಕಬಹುದು, ಆದರೆ ಸಾರು, ಮಜ್ಜಿಗೆ ಬಸಿದು ಹಾಕಬೇಕು.

ಪೂಜೆಯ ಹೂವು: ಹಸಿ ಕಸವೇ, ದಾರ ಬಿಚ್ಚಿ. ನೈಲಾನ್ ದಾರ ತೊಟ್ಟಿಯಲ್ಲಿ ಎರಡು ವರ್ಷವಾದರೂ ಹಾಗೇ ಇರುತ್ತದೆ, ಮಗುಚುವಾಗ ಕವೆಗೋಲಿಗೆ ಸುತ್ತಿಕೊಳ್ಳುತ್ತದೆ. ದೇವರ ಹೂವನ್ನು ಕಸಕ್ಕೆ ಹಾಕಲು ಮನಸ್ಸು ಬಾರದವರಿಗೆ ಬೇರೊಂದು ಬುಟ್ಟಿ ಇಟ್ಟು, ನೇರ ಗಿಡಗಳ ಬುಡಕ್ಕೆ ಹಾಕಿಸಿ. ಅವರ ಭಾವನೆಗೆ ಜಾಗ ಕೊಟ್ಟರೆ ಅವರೂ ಜೊತೆಗೆ ಬರುತ್ತಾರೆ.

ತೆಂಗಿನ ಚಿಪ್ಪು, ಎಳನೀರು ಬುರುಡೆ, ಮಾವಿನ ಓಟೆ: ಕೊಳೆಯುತ್ತವೆ, ಆದರೆ 60 ದಿನದಲ್ಲಿ ಅಲ್ಲ. ಬೇರೆ ಚೀಲ.

ಮನೆ ಗುಡಿಸಿದ ಧೂಳು, ಕೂದಲು, ಪ್ಯಾಡು, ಡೈಪರ್, ಬ್ಯಾಂಡೇಜು: ಹಸಿ ಕಸ ಅಲ್ಲವೇ ಅಲ್ಲ. ಪ್ಯಾಡು, ಡೈಪರನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಕೊಡಬೇಕು.

## ಹಂತ 7: ಮೊದಲ 15 ದಿನ ಗಾಡಿಯ ಜೊತೆ ನಡೆಯಿರಿ

100 ಮನೆಗೂ ಒಂದೇ ದಿನ ಶುರು ಮಾಡಬೇಡಿ. ಒಂದು ಬೀದಿ, 20–25 ಮನೆ. ಅದು ನೆಟ್ಟಗಾದ ಮೇಲೆ ಇನ್ನೊಂದು.

ದಿನಾ ಬೆಳಿಗ್ಗೆ ಸ್ವಯಂಸೇವಕರು ಒಬ್ಬರಾದರೂ ಜೊತೆಗಿರಬೇಕು. ಮನೆ ನಂಬರ್ ಬರೆದ ಹಾಳೆಯಲ್ಲಿ ಮೂರೇ ಗುರುತು: ಸರಿ, ಬೆರಕೆ, ಕೊಡಲಿಲ್ಲ.

ಮೊದಲ ಮೂರು ದಿನ ಬೆರಕೆ ಬಂದರೆ ಅಲ್ಲೇ ತೆಗೆದು ತೋರಿಸಿ, ಕಸ ತೆಗೆದುಕೊಳ್ಳಿ. ನಾಲ್ಕನೇ ದಿನದಿಂದ ಬಕೆಟ್ಟನ್ನು ಹಾಗೇ ವಾಪಸ್ ಕೊಡಿ. ದನಿ ಏರಿಸಬೇಡಿ. "ನಾಳೆ ಬೇರೆ ಮಾಡಿ ಕೊಡಿ ಅಮ್ಮ, ತಗೊಂಡು ಹೋಗ್ತೀವಿ" ಅಂದರೆ ಸಾಕು. ಒಂದು ದಿನದ ಕಸ ಮನೆಯಲ್ಲೇ ಉಳಿದರೆ ಮರುದಿನ ಬೇರೆಯಾಗಿ ಬರುತ್ತದೆ. ತಪ್ಪು ಮಾಡಿದ ಮನೆಗಳ ಪಟ್ಟಿಯನ್ನು ಗ್ರೂಪಿನಲ್ಲಿ ಹಾಕುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಒಮ್ಮೆ ಮರ್ಯಾದೆ ಹೋಯಿತು ಅನ್ನಿಸಿದವರು ಆಮೇಲೆ ಬೇಕೆಂದೇ ಸೇರುವುದಿಲ್ಲ.

ಹಸಿ ಕಸ ಮತ್ತು ಒಣ ಕಸ ಒಂದೇ ಗಾಡಿಯಲ್ಲಿ ಹೋಗುವುದಾದರೆ ನಡುವೆ ತಡೆ ಇರಲಿ, ಅದು ಹೊರಗಿನಿಂದ ಕಾಣುವಂತಿರಲಿ. ಬಾಲ್ಕನಿಯಿಂದ ನೋಡುವವರಿಗೆ ಅನುಮಾನ ಬರಬಾರದು.

## ಹಂತ 8: ತೊಟ್ಟಿ ತುಂಬುವ ಕ್ರಮ

ತಳಕ್ಕೆ ತೆಂಗಿನ ಸಿಪ್ಪೆ, ಸಣ್ಣ ಕಡ್ಡಿ ಅರ್ಧ ಅಡಿ. ಗಾಳಿ ಕೆಳಗಿನಿಂದ ಬರಲಿ. ಅದರ ಮೇಲೆ ಒಣ ಎಲೆ, ಹಸಿ ಕಸ, ಮತ್ತೆ ಒಣ ಎಲೆ. ದಿನದ ಕೆಲಸ ಮುಗಿದಾಗ ಮೇಲೆ ಹಸಿ ಕಸ ಒಂದು ಚೂರೂ ಕಾಣಬಾರದು. ಎಳನೀರಿನಷ್ಟು ದೊಡ್ಡ ತುಂಡುಗಳು, ಹಲಸಿನ ರಚ್ಚೆ ಇದ್ದರೆ ಕತ್ತಿಯಲ್ಲಿ ಕೊಚ್ಚಿ ಹಾಕಿ. ಶುರುವಿಗೆ ಸೆಗಣಿ ಬಗ್ಗಡ ಅಥವಾ ಬೆಲ್ಲ ಕದಡಿದ ಹುಳಿ ಮಜ್ಜಿಗೆ ಚಿಮುಕಿಸಿ. ಹಳೆಯ ಗೊಬ್ಬರ ಒಂದು ಬಾಂಡ್ಲಿ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ನಾಲ್ಕೈದು ದಿನಕ್ಕೆ ರಾಶಿ ಬಿಸಿಯಾಗಬೇಕು. ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಡಿ. ಎಳೆದು ತೆಗೆದಾಗ ಕೈಯಲ್ಲಿ ಹಿಡಿದಿರಲು ಆಗದಷ್ಟು ಬಿಸಿ ಇದ್ದರೆ ಒಳಗೆ 55 ಡಿಗ್ರಿಯ ಆಸುಪಾಸು ಇದೆ. ರೋಗದ ಕ್ರಿಮಿ, ಕಳೆ ಬೀಜ ಸಾಯಲು ಆ ಬಿಸಿ ಬೇಕು. ತಣ್ಣಗಿದ್ದರೆ ಮಗುಚಿ.

ತೇವ ನೋಡಲು ಒಂದು ಹಿಡಿ ತೆಗೆದು ಹಿಂಡಿ. ಬೆರಳ ಸಂದಿನಿಂದ ನೀರು ತೊಟ್ಟಿಕ್ಕಿದರೆ ಜಾಸ್ತಿ, ಎಲೆ ಸೇರಿಸಿ. ಮುಷ್ಟಿ ಬಿಟ್ಟ ಕೂಡಲೇ ಉದುರಿಹೋದರೆ ಕಡಿಮೆ, ನೀರು ಚಿಮುಕಿಸಿ. ಉಂಡೆಯಾಗಿ ನಿಂತು, ತಟ್ಟಿದರೆ ಬಿರಿದರೆ ಸರಿ.

ತೊಟ್ಟಿ ತುಂಬಿದ ಮೇಲೆ ವಾರಕ್ಕೊಮ್ಮೆ ಮಗುಚಿ. ಹತ್ತು ಕಿಲೋ ಹಸಿ ಕಸಕ್ಕೆ ಕೊನೆಗೆ ಒಂದೂವರೆ, ಎರಡು ಕಿಲೋ ಗೊಬ್ಬರ ಸಿಗುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಯಿತು. ಜರಡಿ ಹಿಡಿದು, ಮೇಲೆ ಉಳಿದ ಗಟ್ಟಿ ಚೂರುಗಳನ್ನು ಮುಂದಿನ ತೊಟ್ಟಿಗೆ ಹಾಕಿ.

## ಎಚ್ಚರಿಕೆಯ ಗುರುತುಗಳು

ಕೊಳೆತ ಮೊಟ್ಟೆಯ ವಾಸನೆ: ಒಳಗೆ ಗಾಳಿ ಇಲ್ಲ, ನೀರು ಜಾಸ್ತಿ. ಅವತ್ತೇ ಮಗುಚಿ, ಒಣ ಎಲೆ ಸೇರಿಸಿ. ನಾಳೆ ಅಂದರೆ ಪಕ್ಕದ ಮನೆಯ ದೂರು ಬರುತ್ತದೆ.

ಮೂಗಿಗೆ ಖಾರವಾಗಿ ಹೊಡೆಯುವ ವಾಸನೆ: ಸಾರಜನಕ ಜಾಸ್ತಿ. ಇದಕ್ಕೂ ಒಣ ಎಲೆಯೇ ಮದ್ದು.

ದಪ್ಪ ಬೂದು ಬಣ್ಣದ ಹುಳುಗಳು: ಹೆದರಬೇಡಿ. ಹೆಚ್ಚಾಗಿ ಇವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು, ಕಸವನ್ನೇ ತಿನ್ನುತ್ತವೆ. ಮನೆ ನೊಣ ಮುತ್ತಿದರೆ ಮಾತ್ರ ಮೇಲಿನ ಎಲೆ ಸಾಲದು ಎಂದರ್ಥ.

ಇಲಿ: ಅನ್ನ, ಮಾಂಸ ಮೇಲೆ ತೆರೆದುಕೊಂಡಿದೆ ಅಥವಾ ಜಾಲರಿ ಹರಿದಿದೆ.

ಗಾಡಿ ಹೋದ ದಾರಿಯಲ್ಲಿ ಕಪ್ಪು ನೀರಿನ ಗೆರೆ: ಡ್ರಮ್ ಸೋರುತ್ತಿದೆ, ಅಥವಾ ಜನ ಸಾರು ಬಸಿಯದೆ ಹಾಕುತ್ತಿದ್ದಾರೆ.

ತೂಕ ಇಳಿಯುವುದು: ಇದು ಎಲ್ಲಕ್ಕಿಂತ ಕೆಟ್ಟ ಗುರುತು, ಆದರೆ ಯಾರ ಮೂಗಿಗೂ ಬಡಿಯುವುದಿಲ್ಲ. 50 ಕಿಲೋ ಬರುತ್ತಿದ್ದದ್ದು 38ಕ್ಕೆ ಬಂದರೆ ಜನ ಕಡಿಮೆ ತಿನ್ನುತ್ತಿಲ್ಲ. ಹಸಿ ಕಸ ಮತ್ತೆ ಕವರಿನಲ್ಲಿ ಬೆರಕೆಯಾಗಿ ಬೇರೆ ಎಲ್ಲೋ ಹೋಗುತ್ತಿದೆ. ಹಾಳೆ ತೆಗೆದು ಯಾವ ಬೀದಿ ಎಂದು ನೋಡಿ, ಆ ವಾರವೇ ಹೋಗಿ ಮಾತಾಡಿ. ಬೇಸಿಗೆ ರಜೆ, ಊರಹಬ್ಬದ ವಾರ ಮಾತ್ರ ಇದಕ್ಕೆ ಹೊರತು. ಅದಕ್ಕೇ ತೊಟ್ಟಿಯ ಹತ್ತಿರ ತಕ್ಕಡಿ, ನೋಟ್‌ಬುಕ್ಕು ಇರಬೇಕು ಅಂದದ್ದು.

## ಹಬ್ಬ, ಮದುವೆ, ಮಳೆ

ಆಯುಧಪೂಜೆಯ ಮರುದಿನ ಒಡೆದ ಬೂದುಗುಂಬಳ, ಬಾಳೆಕಂದು, ಚೆಂಡುಹೂ ಒಟ್ಟಿಗೆ ಬರುತ್ತವೆ. ಯುಗಾದಿ, ಗೌರಿ ಗಣೇಶಕ್ಕೂ ಹಾಗೇ. ಹಿಂದಿನ ವಾರವೇ ಒಂದು ತೊಟ್ಟಿ ಖಾಲಿ ಮಾಡಿಕೊಳ್ಳಿ, ಇನ್ನೊಂದು ಡ್ರಮ್ ಸಾಲ ತನ್ನಿ. ಕುಂಬಳಕಾಯಿಯಲ್ಲಿ ಬರೀ ನೀರು, ಅದಕ್ಕೆ ಎರಡು ಪಾಲು ಎಲೆ ಬೇಕು. ಒಳಗೆ ಸಿಕ್ಕಿಸಿದ ನಾಣ್ಯ ತೆಗೆಯಲು ಮರೆಯಬೇಡಿ.

ಮದುವೆ, ಗೃಹಪ್ರವೇಶದ ಮನೆಯವರು ಮೊದಲೇ ತಿಳಿಸಲಿ. 300 ಎಲೆ ಊಟದ ಕಸವನ್ನು ದಿನದ ಗಾಡಿಗೆ ಹಾಕಿದರೆ ಅವತ್ತು ಉಳಿದ ಮನೆಗಳ ಕಸ ನಿಲ್ಲುತ್ತದೆ. ಅದಕ್ಕೆ ಬೇರೆ ಗಾಡಿ, ಖರ್ಚು ಅವರದ್ದು.

ಮಳೆಗಾಲದಲ್ಲಿ ಶೀಟಿನ ಅಂಚಿನಿಂದ ಒಳಗೆ ಹನಿಯುವ ನೀರು ನೋಡಿಕೊಳ್ಳಿ. ತೊಟ್ಟಿಯ ಸುತ್ತ ಒಂದು ಗೇಣು ಕಾಲುವೆ ತೆಗೆಯಿರಿ. ಒಣ ಎಲೆಯ ಚೀಲ ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲಿಡಿ. ಎಲೆ ನೆನೆದರೆ ಅದು ಎಲೆಯ ಕೆಲಸ ಮಾಡುವುದಿಲ್ಲ.

## ಮೂರನೇ ತಿಂಗಳು

ಮೊದಲ ತೊಟ್ಟಿಯ ಗೊಬ್ಬರವನ್ನು ಮಾರಬೇಡಿ. ಎರಡೆರಡು ಕಿಲೋ ಚೀಲ ಮಾಡಿ, ಕಸ ಕೊಟ್ಟ ಮನೆಗಳಿಗೆ ಗಾಡಿಯಲ್ಲೇ ಕಳಿಸಿ. ನಮ್ಮಲ್ಲಿ ಹಂಚಿದ್ದು ಕಸ ಎತ್ತುವ ಅಕ್ಕನೇ. ದಿನಾ ಬಕೆಟ್ ಬಗ್ಗಿಸಿಕೊಂಡು ಹೋಗುತ್ತಿದ್ದವರು ಅವತ್ತು ಪ್ರತಿ ಗೇಟಿನಲ್ಲೂ ನಿಂತು ಚೀಲ ಕೊಟ್ಟರು. ಮೂರನೇ ಬೀದಿಯ ಒಬ್ಬ ಅಜ್ಜಿ ಚೀಲ ಬಿಚ್ಚಿ, ಒಂದು ಹಿಡಿ ತೆಗೆದು ಮೂಸಿ ನೋಡಿ, "ಇದರಲ್ಲಿ ನಮ್ಮನೆ ಕಾಫಿ ಚರಟ ಎಷ್ಟಿದೆಯಮ್ಮ?" ಎಂದು ಕೇಳಿದರು. ಅಲ್ಲಿಯವರೆಗೆ ಬಕೆಟ್ಟೇ ಕೊಡದಿದ್ದ ಎದುರು ಮನೆಯವರು ಮರುದಿನ ಬೆಳಿಗ್ಗೆ ಪೇಂಟ್ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿದ್ದರು.